ಸ್ಟ್ಯಾಂಡ್‌ಬೈ ಅಂದರೆ ವಿಶ್ರಾಂತಿಯಲ್ಲ

ಮಿರರ್‌ಲೆಸ್ ಕ್ಯಾಮೆರಾದಲ್ಲಿ ವಿಡಿಯೋ ಮಾಡುವವರ ಮಾಮೂಲಿ ಗೋಳು ಇದು: "ರೆಕಾರ್ಡ್ ಮಾಡಿದ್ದು ಹತ್ತೇ ನಿಮಿಷ, ಕ್ಯಾಮೆರಾ ಬಿಸಿಯಾಗಿ ಥರ್ಮಾಮೀಟರ್ ಗುರುತು ಬಂದು ಆಫ್ ಆಗಿಬಿಡ್ತು." ಹತ್ತು ನಿಮಿಷ ನಿಜವೇ ಇರಬಹುದು. ಅದಕ್ಕೂ ಮುಂಚೆ ಫ್ರೇಮ್ ಕೂರಿಸೋಕೆ, ಲೈಟ್ ಸರಿಮಾಡೋಕೆ, ಮಾತಾಡುವವರು ಬರಲಿ ಅಂತ ಕಾಯೋಕೆ ಅರ್ಧ ಗಂಟೆ ಕ್ಯಾಮೆರಾ ಆನ್ ಇತ್ತಲ್ಲ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ಕೆಂಪು ಬಟನ್ ಒತ್ತದೆ ಸ್ಟ್ಯಾಂಡ್‌ಬೈನಲ್ಲಿದ್ದರೂ ಸ್ಕ್ರೀನ್ ಮೇಲೆ ಚಿತ್ರ ಕಾಣುತ್ತಿದೆ ಅಂದರೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ದುಡಿಯುತ್ತಿದೆ, ಪ್ರೊಸೆಸರೂ ದುಡಿಯುತ್ತಿದೆ, ಎರಡೂ ಬಿಸಿಯಾಗುತ್ತಿವೆ. ಹಾಗಾಗಿ ಎರಡು ಟೇಕ್ ನಡುವೆ ಮೊದಲು ಮಾಡಬೇಕಾದ ಕೆಲಸ ಸ್ವಿಚ್ ಆಫ್ ಮಾಡೋದು. ಬೇರೆ ಉಪಾಯಗಳೆಲ್ಲ ಆಮೇಲೆ.

ಈ ಕಾವು ಹೊರಗೆ ಹೋಗೋಕೆ ದಾರಿಯೇ ಕಮ್ಮಿ. ಬಾಡಿಯೊಳಗೇ ಸ್ಟೆಬಿಲೈಸೇಶನ್ (ಕೈನಡುಕ ಸರಿದೂಗಿಸುವ ವ್ಯವಸ್ಥೆ) ಇರುವ ಕ್ಯಾಮೆರಾಗಳಲ್ಲಿ ಸೆನ್ಸರ್ ಅಲುಗಾಡುವ ತಟ್ಟೆಯ ಮೇಲೆ, ಆಯಸ್ಕಾಂತಗಳ ಹಿಡಿತದಲ್ಲಿ ಕೂತಿರುತ್ತದೆ. ಅದಕ್ಕೂ ಉಳಿದ ಭಾಗಕ್ಕೂ ಮುಖ್ಯ ನಂಟು ಅಂದರೆ ಕಾಗದದಷ್ಟು ತೆಳುವಾದ ಬಾಗುವ ಕೇಬಲ್. ದಪ್ಪ ಲೋಹ ಅಂಟಿಸಿ ಕಾವು ಎಳೆಯೋಣ ಅಂದರೆ ಸೆನ್ಸರ್ ಅಲುಗಾಡಲಾರದು. ಮೇಲಾಗಿ ದೂಳು, ನೀರು ಒಳಗೆ ಬರಬಾರದು ಅಂತ ಕ್ಯಾಮೆರಾಗೆ ಸೀಲ್ ಬೇರೆ. ಫೋಟೋ ತೆಗೆಯುವಾಗ ಇದ್ಯಾವುದೂ ಕಾಡೋದಿಲ್ಲ. ಸೆಕೆಂಡಿಗೆ 60 ಸಲ ಪೂರ್ತಿ ಸೆನ್ಸರ್ ಓದಿಸಿದಾಗ ಗೊತ್ತಾಗುತ್ತದೆ. ಪ್ಯಾನಸೋನಿಕ್ 2019ರಲ್ಲಿ ಎಸ್1ಎಚ್ ಕ್ಯಾಮೆರಾಗೆ ಫ್ಯಾನ್ ಇಟ್ಟಿದ್ದು ಶೋಕಿಗಲ್ಲ.

ಇನ್ನು ಆರೋದು, ಬಿಸಿಯಾಗೋದಕ್ಕಿಂತ ನಿಧಾನ. 2020ರಲ್ಲಿ ಕ್ಯಾನನ್ ಆರ್5 ಬಂದಾಗ ಕಂಪನಿಯೇ ಕೊಟ್ಟ ಲೆಕ್ಕ: 23 ಡಿಗ್ರಿ ಕೋಣೆಯಲ್ಲಿ 8ಕೆ ವಿಡಿಯೋ 20 ನಿಮಿಷ, ಆಮೇಲೆ 10 ನಿಮಿಷ ಆರಿಸಿದರೆ ಮತ್ತೆ ಸಿಗೋದು 3 ನಿಮಿಷ. ಹೊಸ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಬಂದು ಸುಧಾರಿಸಿತು, ಆದರೆ ಆರೋದಕ್ಕೆ ಸಮಯ ಬೇಕೆನ್ನೋದು ಎಲ್ಲ ಕ್ಯಾಮೆರಾಗೂ ಒಂದೇ.

ಸೆಟ್ಟಿಂಗ್ ವಿಷಯದಲ್ಲಿ ನನ್ನ ತಕರಾರು ಒಂದೇ. ಕೂತು ಮಾತಾಡುವವರ ಇಂಟರ್‌ವ್ಯೂಗೆ 4ಕೆ 60, ಅಂದರೆ ಸೆಕೆಂಡಿಗೆ 60 ಫ್ರೇಮ್, ಯಾಕ್ರೀ? ಸ್ಲೋ ಮೋಷನ್ ಬೇಕಾದ ಶಾಟ್‌ಗೆ ಮಾತ್ರ 60 ಹಾಕಿ, ಉಳಿದದ್ದಕ್ಕೆ 24 ಅಥವಾ 25 ಧಾರಾಳವಾಯ್ತು. 6ಕೆ, 8ಕೆ ಓದಿ 4ಕೆಗೆ ಇಳಿಸುವ 'ಎಚ್‌ಕ್ಯೂ' ಮೋಡ್ ಚಂದವೇ, ಆದರೆ ಕಾವೂ ಜಾಸ್ತಿ. ಉದ್ದದ ರೆಕಾರ್ಡಿಂಗ್‌ಗೆ ಸಾದಾ 4ಕೆ ಇಡಿ. ವೈಫೈ, ಬ್ಲೂಟೂತ್, ಪ್ರಾಕ್ಸಿ ರೆಕಾರ್ಡಿಂಗ್ (ಜೊತೆಗೇ ಇನ್ನೊಂದು ಸಣ್ಣ ಫೈಲ್ ಉಳಿಸೋದು) ಬೇಡವಾದರೆ ಆಫ್.

ಸೋನಿಯ ಹಲವು ಮಾಡೆಲ್‌ಗಳಲ್ಲಿ 'ಆಟೋ ಪವರ್ ಆಫ್ ಟೆಂಪ್' ಅಂತ, ಎಷ್ಟು ಬಿಸಿಯಾದಾಗ ಆಫ್ ಆಗಬೇಕು ಅನ್ನೋ ಸೆಟ್ಟಿಂಗ್ ಒಂದಿದೆ. 'ಸ್ಟ್ಯಾಂಡರ್ಡ್'ನಲ್ಲಿ ಇರೋದನ್ನು 'ಹೈ' ಮಾಡಿದರೆ ಸಮಯ ಹೆಚ್ಚು ಸಿಗುತ್ತದೆ. 'ಸ್ಟ್ಯಾಂಡರ್ಡ್' ಇರೋದು ಮುಖ್ಯವಾಗಿ ಹಿಡಿದವರ ಕೈ ಸುಡಬಾರದು ಅಂತ. ಆದ್ದರಿಂದ 'ಹೈ' ಹಾಕಿದ ಮೇಲೆ ಟ್ರೈಪಾಡ್ ಮೇಲಿಡಿ.

ಸ್ಕ್ರೀನನ್ನು ಬಾಡಿಯಿಂದ ಹೊರಕ್ಕೆ ತೆರೆದಿಡಿ. ಬೆನ್ನಿಗೆ ಕಂಬಳಿ ಹೊದಿಸಿದ ಹಾಗೆ ಮುಚ್ಚಿಕೊಂಡಿದ್ದರೆ ಗಾಳಿ ತಾಗೋದೆಲ್ಲಿ? ಹಾಗೆ ತೆರೆದ ಜಾಗಕ್ಕೆ ಸಣ್ಣ ಕ್ಲಿಪ್ ಫ್ಯಾನ್ ಹಾಕಿದರೆ ನಿಜವಾಗಲೂ ಪ್ರಯೋಜನವಿದೆ. ಕ್ಯಾಮೆರಾ ಮೇಲೇ ಮೈಕ್ ಇದ್ದರೆ ಮಾತ್ರ ಗುಂಯ್ ಅನ್ನೋದು ಆಡಿಯೋದಲ್ಲಿ ಕೂರುತ್ತದೆ. ಬಿಸಿಲಲ್ಲಿ ಕಪ್ಪು ಕ್ಯಾಮೆರಾಗೆ ಕೊಡೆಯ ನೆರಳು ಸಾಕು. ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗದಲ್ಲಿ ಕೂತು ಹೊರಗಿನ ಕರೆಂಟ್ ಕೊಡುವ ಅಡಾಪ್ಟರ್) ಹಾಕಿದರೆ ಬ್ಯಾಟರಿಯ ಕಾವು ತಪ್ಪುತ್ತದೆ. ವೋಲ್ಟೇಜ್ ನಿಮ್ಮ ಮಾಡೆಲ್‌ಗೆ ಸರಿಯಾಗಿರಬೇಕು. ಎಚ್‌ಡಿಎಂಐ ಕೇಬಲ್‌ನಲ್ಲಿ ಹೊರಗಿನ ರೆಕಾರ್ಡರ್‌ಗೆ ಕಳಿಸಿದರೆ ಕಾರ್ಡ್ ತಣ್ಣಗಿರಬಹುದು, ಆದರೆ ಸೆನ್ಸರ್ ಕೆಲಸ ಅಷ್ಟೇ ಇರುತ್ತದೆ.

ಐಸ್ ಪ್ಯಾಕ್, ಫ್ರಿಜ್ ಮಾತ್ರ ಬೇಡವೇ ಬೇಡ. ತಣ್ಣಗಾದ ಕ್ಯಾಮೆರಾಗೆ ಬೆಚ್ಚಗಿನ ಗಾಳಿ ತಾಗಿದರೆ ಲೆನ್ಸ್ ಮೇಲೂ ಸರ್ಕ್ಯೂಟ್ ಮೇಲೂ ಹನಿ ಕೂರುತ್ತದೆ. ಬಿಸಿಯಾದ ಕ್ಯಾಮೆರಾ ಆರುತ್ತೆ, ನೀರು ಹೊಕ್ಕಿದ್ದು ಸರ್ವಿಸ್ ಸೆಂಟರ್‌ಗೆ.

ಅಂದಹಾಗೆ, ಹಳೇ ಕ್ಯಾಮೆರಾ 29 ನಿಮಿಷ 59 ಸೆಕೆಂಡಿಗೆ ಸರಿಯಾಗಿ ನಿಂತರೆ ಅದು ಕಾವಿನಿಂದಲ್ಲ. 30 ನಿಮಿಷ ದಾಟಿ ರೆಕಾರ್ಡ್ ಮಾಡುವುದಕ್ಕೆ ಯುರೋಪಿನಲ್ಲಿ ವಿಡಿಯೋ ಕ್ಯಾಮೆರಾದ ಸುಂಕ ಬೀಳುತ್ತಿತ್ತು, ಅದಕ್ಕೆ ಹಾಕಿದ್ದ ಮಿತಿ.

ಕೆಲಸಕ್ಕೆ ಹೋಗುವ ಮುಂಚೆ ನೀವು ಬಳಸುವ ಮೋಡ್‌ನಲ್ಲೇ ಆಫ್ ಆಗೋವರೆಗೂ ಒಮ್ಮೆ ಓಡಿಸಿ, ನಿಮಿಷ ಬರೆದಿಡಿ. ಹತ್ತು ನಿಮಿಷ ಆರಿಸಿ ಮತ್ತೆ ಓಡಿಸಿ, ಅದನ್ನೂ ಬರೆದಿಡಿ. ಎರಡನೇ ಸಂಖ್ಯೆ ನಿಮ್ಮ ಉದ್ದದ ಟೇಕ್‌ಗಿಂತ ಚಿಕ್ಕದಿದ್ದರೆ ಇನ್ನೊಂದು ಬಾಡಿ ಜೊತೆಗೆ ಒಯ್ಯಿರಿ.