ಮಲ್ಲೇಶ್ವರ, ಬಸವನಗುಡಿ ಮತ್ತು ಖಾಲಿ ಜಾಗದ ಲೆಕ್ಕ

ಹಳೇ ಬೆಂಗಳೂರನ್ನು ಉಳಿಸಿ ಅನ್ನುವವರೆಲ್ಲ ಮಂಕಿ ಟಾಪಿನ ಫೋಟೊ ಹಾಕುತ್ತಾರೆ. ಕಿಟಕಿ, ಮುಖಮಂಟಪದ ಮೇಲಿನ ಆ ಚೂಪು ಮರದ ಜಾಲರಿ ಚೆಂದವೇ, ಸರಿ. ಆದರೆ ಮಲ್ಲೇಶ್ವರ, ಬಸವನಗುಡಿಗಳ ಅಸಲು ಆಸ್ತಿ ಮನೆಯ ಸುತ್ತ ಬಿಟ್ಟ ಜಾಗ.

1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಗಾಳಿ, ಬೆಳಕು ಕಡಿಮೆ, ಇಲಿಗಳು ಹೇರಳ. ಆ ಭಯವೇ ಜನರನ್ನು ಕಾಡು ಮಲ್ಲೇಶ್ವರನ ಗುಡಿಯ ಸುತ್ತಲಿಗೂ ದೊಡ್ಡ ಬಸವಣ್ಣನ ಗುಡಿಯ ಹತ್ತಿರಕ್ಕೂ ದೂಡಿತು. ನೇರ ಮೇನು, ಅಡ್ಡಕ್ಕೆ ಕ್ರಾಸು, ಕಾಂಪೌಂಡಿನೊಳಗೆ ಗಿಡಮರ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬರುವ ಮುಂಚೆ ಮಲ ಹೊರುವವರು ಓಡಾಡಿದ ದಾರಿ ಅದು. ಬ್ಲಾಕುಗಳನ್ನು ಜಾತಿವಾರು ಹಂಚಿದ್ದೂ ಉಂಟು. ಪರಂಪರೆಯ ಹೆಮ್ಮೆಯಲ್ಲಿ ಇವೆರಡನ್ನೂ ಮರೆಮಾಚಬಾರದು.

ಈಗಿನ ವಿಪರ್ಯಾಸ ನೋಡಿ. ನಮ್ಮ ನಿಯಮದಲ್ಲಿ ರಸ್ತೆ ಅಗಲವಾದಷ್ಟೂ ಎಫ್‌ಎಆರ್, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ, ಹೆಚ್ಚು. ಗಾಳಿಗೆಂದು ಅಗಲ ಬಿಟ್ಟ ರಸ್ತೆಯೇ ಗಾಳಿ ತಡೆಯುವ ಕಟ್ಟಡಕ್ಕೆ ಪರವಾನಗಿ! ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಬಿಲ್ಡರ್ ಬಾಗಿಲಿಗೆ ಬರಲು ತಡವಾಗುವುದಿಲ್ಲ.

ಮನೆ ಉಳಿಸಿಕೊಂಡವರೂ ರಿಪೇರಿಯಲ್ಲಿ ಕೆಡಿಸುತ್ತಾರೆ. ಮದ್ರಾಸ್ ತಾರಸಿಯಲ್ಲಿ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಕಾಂಕ್ರೀಟ್ ಹಾಕಿ ಬಡಿದು ಗಟ್ಟಿಮಾಡಿರುತ್ತಾರೆ. ಸೋರಿತೆಂದು ಅದರ ಮೇಲೆ ಸಿಮೆಂಟ್ ಸುರಿದರೆ ಭಾರ ಏರುತ್ತದೆ, ಒಳಗಿನ ತೇವ ಆರುವುದಿಲ್ಲ. ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ಜಂತೆಯ ತುದಿ. ಕೆಳಗೆ ನಿಂತು ನೋಡಿದರೆ ಕಾಣುವುದೇ ಇಲ್ಲ. ಆದ್ದರಿಂದ ಮೊದಲು ತಾರಸಿಯ ನೀರು ಹೋಗುವ ದಾರಿ ಸರಿಮಾಡಿ. ಆಮೇಲೆ ಆ ತುದಿಗಳ ಸುತ್ತ ಗಾರೆ ಬಿಡಿಸಿ, ಉಳಿಯಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ತಾರಸಿಗೆ ಕೆಳಗಿನಿಂದ ಆಸರೆ ಕೊಟ್ಟು, ಕೆಟ್ಟ ಜಂತೆಯನ್ನಷ್ಟೇ ಬದಲಿಸಿ. ಸುಣ್ಣದ ಗೋಡೆಗೂ ಸಿಮೆಂಟ್ ಪ್ಲಾಸ್ಟರ್ ಬೇಡ. ತೇವ ಒಳಗೇ ಉಳಿದು ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಸಿಗುವುದು ಕಷ್ಟ, ಕೂಲಿಯೂ ಜಾಸ್ತಿ.

ಮುಂಗೋಡೆ ಉಳಿಸಿ ಹಿಂದೆ ಆರು ಅಂತಸ್ತು ಎಬ್ಬಿಸುವುದಕ್ಕೆ ಸಂರಕ್ಷಣೆ ಅನ್ನಲಾರೆ. ಈ ಬಡಾವಣೆಗಳಲ್ಲಿ ಎಫ್‌ಎಆರ್‌ಗೂ ರಸ್ತೆ ಅಗಲಕ್ಕೂ ಹಾಕಿದ ಗಂಟು ಬಿಚ್ಚಬೇಕು, ಹಿಂಗಲ್ಲಿಗಳ ಒತ್ತುವರಿ ತೆರವಾಗಬೇಕು. ಮಾಲೀಕರು ಕಟ್ಟದೆ ಬಿಟ್ಟ ವಿಸ್ತೀರ್ಣಕ್ಕೆ ಟಿಡಿಆರ್, ಅಂದರೆ ಅಷ್ಟನ್ನು ಬೇರೆಡೆ ಕಟ್ಟಲು ಅಥವಾ ಮಾರಲು ಬರುವ ಹಕ್ಕು, ಸಿಗಬೇಕು, ಅದೂ ವರ್ಷಗಟ್ಟಲೆ ಕಚೇರಿಗೆ ಅಲೆಸದೆ.