ಹಿರಿಯರ ಎಡೆಗೆ ಯಾರೂ ಹೆದರುವುದಿಲ್ಲ

ಸತ್ತವರ ಆತ್ಮಗಳ ಭಯ ನೀಗಬೇಕಾದರೆ ಮೊದಲು ಅವುಗಳ ಮೇಲಿನ ನಂಬಿಕೆಯನ್ನೇ ಬಿಡಬೇಕೆಂದು ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಆ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಗೌರಿಬಿದನೂರು ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಯಂದು ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆಯನ್ನೇ ಎಡೆ ಹಾಕಿ, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ; ಅಜ್ಜಿ ಬಂದಿದ್ದಾರೆಂದು ಮಕ್ಕಳು ಸಂತೋಷಪಡುತ್ತಾರೆಯೇ ಹೊರತು ಹೆದರುವುದಿಲ್ಲ. ಭಯವನ್ನು ಬಿತ್ತುವವರು, ಜ್ವರವನ್ನೋ ಮನೋವ್ಯಾಧಿಯನ್ನೋ ಗಾಳಿ ಸೋಕಿದೆಯೆಂದು ಹೇಳಿ ಹಣ ಕೀಳುವವರು. ಇದೇ ತಾಲ್ಲೂಕಿನ ಹೊಸೂರಿನ ವಿಚಾರವಾದಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದರು. ಆ ಪ್ರಶ್ನಿಸುವ ಧೈರ್ಯವನ್ನು ಮನಸಾರೆ ಗೌರವಿಸುತ್ತಲೇ ನಾನು ಎಡೆ ಇಡುತ್ತೇನೆ. ರಾಜ್ಯದ 2017ರ ವಾಮಾಚಾರ ತಡೆ ಕಾಯ್ದೆಯೂ ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ನಿಷೇಧಿಸಿದೆಯೇ ವಿನಾ ಹಿರಿಯರ ಪೂಜೆಯನ್ನಲ್ಲ.