ರಿಟೈರ್ ಆದವರ ಕತ್ತರಿ ಊರಿನ ಆಸ್ತಿಯೇ?

ಹಳೇ ಬಟ್ಟೆಯನ್ನು ಪದರ ಪದರವಾಗಿ ಸೇರಿಸಿ ಕೌದಿ ಹೊದಿಕೆ ಹೊಲಿಯಲೆಂದು ನಾನು ಇಟ್ಟುಕೊಂಡ ಬಟ್ಟೆ ಕತ್ತರಿಯಲ್ಲಿ ಇವತ್ತು ಮನೆಮಂದಿ ಪಟಾಕಿ ಡಬ್ಬದ ಟೇಪ್ ಕತ್ತರಿಸಿದ್ದಾರೆ! ಅಲಗಿಗೆ ಗೋಂದು ಮೆತ್ತಿ, ಈಗ ಹಳೇ ಕಾಟನ್ ಸೀರೆಯನ್ನು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತಿದೆ. ಅಡುಗೆಮನೆಯಲ್ಲಿ ಇನ್ನೊಂದು ಕತ್ತರಿ ತೂಗುಹಾಕಿರುವುದು ಯಾವ ಪೂಜೆಗೆ?

"ರಿಟೈರ್ ಆಗಿದೀರಲ್ಲ, ಟೈಮ್‌ಪಾಸ್‌ಗೆ ನಮಗೂ ಒಂದು ಕೌದಿ ಹೊಲಿದುಕೊಡಿ." ಟೈಮ್‌ಪಾಸಂತೆ! ಹೀಗೆನ್ನುವ ನೆಂಟರು ದೀಪಾವಳಿ ರಜೆಗೆ ಬರುವಾಗ ಹಳೇ ಬಟ್ಟೆಯ ಗಂಟು ತರುತ್ತಾರೆ. ಬಿಚ್ಚಿದರೆ ಪಾಲಿಯೆಸ್ಟರ್, ಜಾರ್ಜೆಟ್, ಚಮಕಿ ಸೀರೆ. ಜಾರ್ಜೆಟ್ ಜಾರುತ್ತದೆ, ಪದರದ ಮೇಲೆ ಪದರ ನಿಲ್ಲುವುದೇ ಇಲ್ಲ. ಚಮಕಿಗೆ ತಗುಲಿ ಸೂಜಿ ಮುರಿಯುತ್ತದೆ. ಹೊಸ ಕಾಟನ್ ಕೊಡುವ ಪುಣ್ಯಾತ್ಮರು ತೊಳೆದಾದರೂ ಕೊಡುತ್ತಾರಾ? ಗಂಜಿ ಹೋಗದೆ ಸೂಜಿ ಇಳಿಯದು. ಮೊದಲ ಒಗೆತಕ್ಕೇ ಆ ಪದರ ಮಾತ್ರ ಕುಗ್ಗಿ ಕೌದಿಯೆಲ್ಲ ಮುದುಡುತ್ತದೆ, ಕೆಂಪು ತುಂಡಿನ ಬಣ್ಣ ಬಿಳಿ ತುಂಡಿಗೆ ಹತ್ತುತ್ತದೆ. ಬೈಸಿಕೊಳ್ಳುವುದು ಮಾತ್ರ ಹೊಲಿದವಳು.

ಹಾಲ್‌ನಲ್ಲಿ ಮೂರು ಪದರ ಹಾಸಿ, ಸುಕ್ಕು ತೀಡಿ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕುವ ಹೊತ್ತಿಗೇ ಮನೆಮಂದಿಗೆಲ್ಲ ಟಿವಿ ರಿಮೋಟ್ ಬೇಕು. ಅದರ ಮೇಲೆಯೇ ಓಡಾಟ! ಕೆಳಗಿನ ಪದರ ಸರಿದದ್ದು ಆಗ ಕಾಣುವುದಿಲ್ಲ. ಅಂಚಿನಿಂದ ಹೊಲಿಯುತ್ತ ನಡುವಿಗೆ ಬಂದಾಗ ಬಟ್ಟೆ ಬುಗ್ಗನೆ ಉಬ್ಬುತ್ತದೆ. ಬಿಚ್ಚು, ಮತ್ತೆ ಹಾಸು.

"ಅಂಗಡಿಯಲ್ಲಿ 500 ರೂಪಾಯಿಗೆ ಬ್ಲಾಂಕೆಟ್ ಸಿಗುತ್ತಲ್ಲ" ಎನ್ನುವವರೇ "ನಮ್ಮದು ಇನ್ನೂ ಮುಗಿದಿಲ್ವಾ?" ಎಂದು ಫೋನ್ ಮಾಡುತ್ತಾರೆ. ಸಂಕ್ರಾಂತಿಯೊಳಗೆ ಬೇಕಂತೆ. ಅದೂ ಡಬಲ್ ಕಾಟ್ ಅಳತೆಯದು.